ಅಪ್ಪ ಹಾಕಿದ ಕೊಸರು

ನಮ್ಮಪ್ಪ ತೆಂಗಿನಕಾಯಿ ವ್ಯಾಪಾರಿ. ಅಜ್ಜಂಪುರದ ನಮ್ಮ ಮನೆ ಮುಂದೆ ಲಾರಿ ಬಂದು ನಿಂತರೆ ಅಕ್ಕ ಕೆಳಗಿನಿಂದ ಕಾಯಿ ಎಸೆಯಬೇಕು, ಮೇಲೆ ನಿಂತು ನಾನು ಹಿಡಿಯಬೇಕು. ಹಿಡಿಯುವ ಕಷ್ಟವೇ ಇರಲಿಲ್ಲ, ಚಾಚಿದ ಕೈಗೇ ಕಾಯಿ ಬಂದು ಕೂರುತ್ತಿತ್ತು. ಪಕ್ಕದಲ್ಲಿ ಅಪ್ಪ "ಲಾಭ, ಎರಡು, ಮೂರು" ಎಂದು ಎಣಿಸುತ್ತಿದ್ದ. ಒಂದು ಎನ್ನುವ ಬದಲು ಲಾಭ ಎನ್ನುವುದು ನಮ್ಮ ಕಡೆಯ ಪದ್ಧತಿ. ನೂರು ತುಂಬಿದ ಮೇಲೂ ಕೊಸರೆಂದು ಒಂದೆರಡು ಕಾಯಿ ಹೆಚ್ಚಿಗೆ ಹಾಕದಿದ್ದರೆ ಅವನಿಗೆ ಸಮಾಧಾನವಿಲ್ಲ.

"ಕೊಸರು ಹಾಕಿ ಹಾಕಿ ಮನೇನೇ ಖಾಲಿ ಮಾಡ್ತಾರೆ ನಿಮ್ಮಪ್ಪ" ಎಂದು ಅಮ್ಮ ಗೊಣಗುತ್ತಿದ್ದಳು.

ಕಾಯಿಯನ್ನು ಅಷ್ಟು ಗುರಿಯಿಟ್ಟು ಎಸೆಯುವ ಅಕ್ಕನ ಕೈಗೆ ಶಾಲೆಯ ಡ್ರಿಲ್ ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ಕೊಟ್ಟರೆ ಇನ್ನೇನಾಗುತ್ತದೆ! ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಡೂರು, ತರೀಕೆರೆಯ ಮೈದಾನಗಳಲ್ಲಿ ಅಕ್ಕನದೇ ಮಾತು. ಬೆಂಗಳೂರಿನ ಬ್ಯಾಂಕೊಂದು ತನ್ನ ಮಹಿಳಾ ತಂಡಕ್ಕೆ ಬಾ, ಕೆಲಸವನ್ನೂ ಕೊಡುತ್ತೇವೆ ಎಂದು ಕಾಗದ ಬರೆಯಿತು.

"ಚೆಂಡಾಡೋಕೂ ಸಂಬಳ ಕೊಡ್ತಾರೇನೇ?" ಎಂದು ಅಪ್ಪ ನಕ್ಕ. ಆಮೇಲೆ ಮುಖ ಬಿಗಿ ಮಾಡಿಕೊಂಡ. ಆಗಲೇ ಒಂದು ಗಂಡು ನೋಡಿಕೊಂಡು ಹೋಗಿತ್ತು. "ತರೀಕೆರೆ ಮ್ಯಾಚಿಗೆ ನಾನೂ ಬತ್ತೀನಿ. ನೀನೊಬ್ಳೇ ಮೂವತ್ತು ಪಾಯಿಂಟ್ ಹಾಕು, ಕಳಿಸ್ತೀನಿ. ಒಂದು ಕಮ್ಮಿ ಆಯ್ತೋ, ಗಂಡಿನೋರಿಗೆ ಹೂಂ ಅಂದ್ಬಿಡ್ತೀನಿ."

ಮೂವತ್ತು! ಇಡೀ ತಂಡವೇ ಅಷ್ಟು ಹಾಕಿದರೆ ಮೇಷ್ಟ್ರು ಎಲ್ಲರಿಗೂ ಬೋಂಡ ಕೊಡಿಸುತ್ತಿದ್ದರು. ಅಕ್ಕ ಮಾತ್ರ "ಆಗ್ಲಪ್ಪಾ" ಎಂದು ಜಡೆ ಎತ್ತಿ ಕಟ್ಟಿದಳು. ತರೀಕೆರೆಗೆ ಹೋಗುವ ಬಸ್ಸಿನಲ್ಲಿ ನಾನು ಅಪ್ಪನ ಪಕ್ಕ ಕೂತೆ.

ಬುಟ್ಟಿಗೆ ಒಮ್ಮೆ ಚೆಂಡು ಬಿದ್ದರೆ ಎರಡು ಪಾಯಿಂಟ್ ಎಂದು ಅಪ್ಪನಿಗೆ ಹೇಳಿಕೊಟ್ಟೆ. "ಜೋಡಿ ಕಾಯಿ ಅನ್ನು" ಎಂದ. ಎದುರಿನವರು ತಪ್ಪು ಮಾಡಿದಾಗ ಸಿಗುವ ಎಸೆತಕ್ಕೆ ಒಂದೇ ಎಂದಾಗ "ಒಂಟಿ ಕಾಯಿ" ಎಂದ. ಆಟ ಶುರುವಾಯಿತು ನೋಡಿ, ಅಕ್ಕನ ಮೈಮೇಲೆ ಏನು ಬಂದಿತ್ತೋ! ಎಡಗಡೆಯಿಂದ, ಬಲಗಡೆಯಿಂದ, ಬಿದ್ದುಕೊಂಡು, ಎದ್ದುಕೊಂಡು ಹಾಕಿದ್ದೇ ಹಾಕಿದ್ದು. ಅಪ್ಪ ಬೆಂಚಿನ ಮೇಲೆ ಹತ್ತಿ ನಿಂತು "ಲಾಭ!" ಎಂದು ಕೂಗಿದ. ಸ್ವಲ್ಪ ಹೊತ್ತಿಗೆ ಸುತ್ತಲಿನವರೆಲ್ಲ ಅವನ ಜೊತೆ ಜೋಡಿ ಎಣಿಸತೊಡಗಿದರು. ನಾನು ಕುಣಿದು ಕುಣಿದು ಚಪ್ಪಲಿ ಕಿತ್ತುಕೊಂಡೆ.

ಅಕ್ಕನದು ಇಪ್ಪತ್ತೆಂಟಾಯಿತು. ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಅವಳನ್ನು ಯಾರೋ ತಳ್ಳಿದರು. ಎರಡು ಒಂಟಿ ಎಸೆತ ಸಿಕ್ಕಿತು! ಮೊದಲನೆಯದು ಬಿತ್ತು. ಎರಡನೆಯದು ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಬಂದು ಆಚೆ ಜಾರಿತು. ಸೀಟಿ ಊದಿದರು.

ನಮ್ಮ ತಂಡ ಗೆದ್ದಿತ್ತು, ಎಲ್ಲರೂ ಕುಣಿಯುತ್ತಿದ್ದರು. ಅಕ್ಕ ಮಾತ್ರ ತಲೆ ತಗ್ಗಿಸಿಕೊಂಡು ಬಂದು ಅಪ್ಪನ ಮುಂದೆ ನಿಂತಳು. ನನಗೆ ಅಳು ಒತ್ತರಿಸಿ ಬಂತು.

"ಎಷ್ಟಾಯ್ತು?" ಎಂದ ಅಪ್ಪ, ಗೊತ್ತಿದ್ದೂ.

"ಇಪ್ಪತ್ತೊಂಬತ್ತು ಕಣಪ್ಪಾ."

ಅಪ್ಪ ಬೆಂಚಿನಿಂದ ಇಳಿದ. ಟವೆಲ್ಲಿನಿಂದ ಅವಳ ಮುಖ ಒರೆಸಿದ. "ಲೇ, ನಾನು ಯಾವತ್ತಾದ್ರೂ ಕೊಸರು ಹಾಕ್ದೆ ಕಾಯಿ ಕೊಟ್ಟಿದೀನೇನೇ? ಹಾಕ್ಕೋ ಒಂದು. ಮೂವತ್ತಾಯ್ತು, ನಡಿ."

ಅಕ್ಕ ಮೈದಾನದ ಮಧ್ಯೆ ಅಪ್ಪನನ್ನೇ ಎತ್ತಿ ತಿರುಗಿಸಿಬಿಟ್ಟಳು. ಅವನ ಪಂಚೆ ಉಳಿದದ್ದು ದೇವರ ದಯೆ.

ಬ್ಯಾಂಕು ಸೇರಿದ ಅಕ್ಕ ರಾಜ್ಯದ ತಂಡಕ್ಕೂ ಆಡಿದಳು, ನಾಯಕಿಯೂ ಆದಳು. ಪೇಪರಿನಲ್ಲಿ ಅವಳ ಹೆಸರಿನ ಮುಂದೆ ಇಪ್ಪತ್ತೆರಡು ಎಂದಿದ್ದರೆ ಅಪ್ಪ ಕಡೂರು ಸಂತೆಯಲ್ಲಿ ಇಪ್ಪತ್ಮೂರು ಎಂದು ಸಾರುತ್ತಿದ್ದ. ಯಾರಾದರೂ ತಿದ್ದಲು ಹೋದರೆ "ಪೇಪರ್ನೋರು ಕೊಸರು ಹಾಕಲ್ಲ ಕಣಯ್ಯಾ" ಎನ್ನುತ್ತಿದ್ದ.

ಅಪ್ಪ ಈಗಿಲ್ಲ. ತರೀಕೆರೆಯ ಆ ಆಟದಲ್ಲಿ ಎಷ್ಟು ಹಾಕಿದೆ ಎಂದು ಯಾರು ಕೇಳಿದರೂ ಅಕ್ಕ ಮೂವತ್ತು ಎನ್ನುತ್ತಾಳೆ.