ಸಾಹೇಬರಿಗೆ ಬಿಟ್ಟುಕೊಟ್ಟ ಗಾಡಿ

ನಮ್ಮ ಅಜ್ಜಿ ಒಂದು ರೈಲನ್ನೇ ನಿಲ್ಲಿಸಿದವಳು. ಕೆಂಪು ಬಾವುಟ ಹಿಡಿದಲ್ಲ, ಹಳಿಯ ಮೇಲೆ ಮಲಗಿಯೂ ಅಲ್ಲ. ಮರ್ಯಾದೆ ಕೊಟ್ಟು ನಿಲ್ಲಿಸಿದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಇಚಲಕರಂಜಿಯಲ್ಲಿ, ಮಗ್ಗಗಳ ಸದ್ದಿನ ನಡುವೆ. ನಾನು ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡ ಕಲಿತದ್ದು ಅಜ್ಜಿಯ ರೊಟ್ಟಿ ಬಡಿಯುವ ಪರಾತದ ಪಕ್ಕದಲ್ಲಿ. ಅಜ್ಜಿಗೆ ಒಬ್ಬಳೇ ಮಗಳು, ನನ್ನ ಸೋದರತ್ತೆ. ಅವಳನ್ನು ಕೊಲ್ಲಾಪುರಕ್ಕೆ ಕೊಟ್ಟಿದ್ದರು. ಬಸ್ಸಿನ ಹಾದಿ ಏನೂ ದೂರವಿಲ್ಲ. ಆದರೆ ಅತ್ತೆಗೆ ಬಸ್ಸು ಆಗುತ್ತಿರಲಿಲ್ಲ. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸಿ ಬರುತ್ತಿತ್ತು. ಇನ್ನು ಅಜ್ಜಿಯೇ ಹೋಗಿ ಬರೋಣವೆಂದರೆ, ಕರೆಯದೆ ಬೀಗರ ಮನೆಯ ಹೊಸ್ತಿಲು ತುಳಿಯುವುದು ಅವಳ ಮರ್ಯಾದೆಗೆ ಕೂಡದ ಮಾತು. ಮರ್ಯಾದೆ ಎಂಬುದು ಅಜ್ಜಿಯ ತವರು ಗಡಹಿಂಗ್ಲಜದಿಂದಲೇ ಬಂದ ಬಳುವಳಿ ಎಂದು ನಮ್ಮ ಮನೆಯಲ್ಲಿ ಒಂದು ನಂಬಿಕೆಯಿತ್ತು.

ತಾಯಿ ಮಗಳನ್ನು ಕೂಡಿಸುತ್ತಿದ್ದದ್ದು ಒಂದು ಪ್ಯಾಸೆಂಜರ್ ಗಾಡಿ. ಎರಡೇ ಡಬ್ಬಿ. ಬೆಳಿಗ್ಗೆ ಹತ್ತೂವರೆಗೆ ಕೊಲ್ಲಾಪುರ ಬಿಟ್ಟು ಮೀರಜಿನ ಕಡೆಗೆ ಹೊರಡುತ್ತಿತ್ತು, ಸಂಜೆ ನಾಲ್ಕರ ಹೊತ್ತಿಗೆ ಹಾಗೇ ಹಿಂದಿರುಗುತ್ತಿತ್ತು. ಗಂಡಸರು ಬೆಳಗಿನ ಗಾಡಿಗೇ ಕೆಲಸಕ್ಕೆ ಹೋಗಿಬಿಟ್ಟಿರುತ್ತಿದ್ದುದರಿಂದ ಇದರಲ್ಲಿ ಹೆಚ್ಚಾಗಿ ಹೆಂಗಸರದೇ ರಾಜ್ಯ. ಅತ್ತೆ ವಾರಕ್ಕೊಮ್ಮೆ ಮುಂಜಾನೆಯ ಅಡಿಗೆ ಮುಗಿಸಿ ಇದನ್ನು ಹಿಡಿಯುವಳು, ದೀಪ ಹಚ್ಚುವುದರೊಳಗೆ ಅತ್ತೆಮನೆ ಸೇರುವಳು. ಅವಳ ಅತ್ತೆ ಹಾಕಿದ್ದ ಷರತ್ತಿಗೂ ರೈಲಿನ ವೇಳಾಪಟ್ಟಿಗೂ ಯಾರೋ ಕೂತು ಹೊಂದಿಸಿದಂತಿತ್ತು. ಅಜ್ಜಿ ಟಾಂಗಾ ಮಾಡಿಕೊಂಡು ಸ್ಟೇಷನ್ನಿಗೆ ಹೋಗಿ ಮಗಳನ್ನು ಕರೆತರುತ್ತಿದ್ದಳು.

ಒಂದು ದಿನ ಹಾಗೆ ಹೋದಾಗ ಸ್ಟೇಷನ್ ಮಾಸ್ತರರು, "ಆಜೀ, ಉದ್ಯಾ ಮೋಠೇ ಸಾಹೇಬ ಯೇಣಾರ್" ಎಂದರು. ನಾಳೆಯಿಂದ ಮೂರು ದಿನ ದೊಡ್ಡ ಸಾಹೇಬರು ಈ ಗಾಡಿಯಲ್ಲಿ ಕೂತು ಹೋಗುತ್ತಾರೆ, ಗಾಡಿ ಹೇಗೆ ನಡೆಯುತ್ತದೆಂದು ನೋಡುತ್ತಾರೆ ಎಂಬುದು ಸುದ್ದಿ. ಅಷ್ಟು ಹೇಳಿ ಅವರು ತಮ್ಮ ಕೆಲಸಕ್ಕೆ ಹೋದರು. ಇಷ್ಟು ಕೇಳಿದ ಮೇಲೆ ಅಜ್ಜಿ ಸುಮ್ಮನಿರುವುದುಂಟೆ? ನಮ್ಮಲ್ಲಿ ಹೆಣ್ಣು ನೋಡಲು ಬೀಗರು ಬಂದರೆ ಮನೆಯವರೆಲ್ಲ ಎದ್ದು ಪಡಸಾಲೆ ಬಿಟ್ಟುಕೊಡುತ್ತಾರೆ. ಸಾಹೇಬರೆಂದರೆ ಬೀಗರಿಗಿಂತ ಒಂದು ಕೈ ಮೇಲು.

"ಸಾಹೇಬ್ರು ಬಂದ್ರ ನಾವು ಅವರ ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಂಡ್ರೂದ?" ಎಂದಳು ಅತ್ತೆಗೆ. "ಬುಟ್ಟಿ, ಗಂಟು, ಅಳೂ ಕೂಸು... ಏನ್ ಛಲೋ ಕಾಣ್ತೈತಿ? ಮೂರ ದಿನ ಯಾರೂ ಹತ್ತಬ್ಯಾಡ್ರಿ ಅಂತ ನಿನ್ನ ಗೆಳತ್ಯಾರಿಗೆಲ್ಲ ಹೇಳ."

ಅತ್ತೆ ಅವ್ವನ ಮಾತು ಮೀರಿದವಳೇ ಅಲ್ಲ. ಕೊಲ್ಲಾಪುರದಲ್ಲಿ ಅವಳೂ ಅವಳ ಗೆಳತಿಯರೂ ಸೇರಿ ಡಬ್ಬಿ ಗುಡಿಸಿ, ಬಾಕಿನ ಮೇಲೆ ಜಮಖಾನೆ ಹಾಸಿ, ಒಂದು ಚರಿಗೆ ನೀರಿಟ್ಟು ಇಳಿದುಬಂದರು. ನಮ್ಮ ಸ್ಟೇಷನ್ನಿನಲ್ಲಿ ಅಜ್ಜಿಯ ಮುಂದಾಳತನದಲ್ಲಿ ಹತ್ತಾರು ಹೆಂಗಸರು ಸೆರಗು ಹೊದ್ದು, ಕೈಮುಗಿದು ನಿಂತಿದ್ದರು. ಅಜ್ಜಿ ಕಿಟಕಿಯೊಳಗಿಂದ ಶೇಂಗಾ ಹೋಳಿಗೆಯ ಗಂಟು ಕೊಟ್ಟಳು. ತೆಳ್ಳನೆಯ ಸಾಹೇಬರು, ಮಡಿಲಲ್ಲಿ ಬರೆದುಕೊಳ್ಳಲು ಒಂದು ವಹಿ, ಕೈಯಲ್ಲಿ ಪೆನ್ಸಿಲ್. ಪಾಪ, ಗಾಬರಿಯಾಗಿ ತಾವೂ ಕೈಮುಗಿದರು. ಮೂರು ದಿನವೂ ಇದೇ ಸತ್ಕಾರ. ನಾಲ್ಕನೆಯ ದಿನ ಹೆಂಗಸರೆಲ್ಲ ಮೊದಲಿನ ಹಾಗೆ ಬುಟ್ಟಿ, ಗಂಟು, ಕೂಸುಗಳ ಸಮೇತ ಹತ್ತಿದರು.

ತಿಂಗಳೊಪ್ಪತ್ತಿನಲ್ಲಿ ಗಾಡಿ ನಿಂತುಹೋಯಿತು.

ಯಾಕೆ ನಿಂತಿತೆಂದು ಕೇಳಿ ನಾನೇ ಅರ್ಜಿ ಬರೆದೆ. ಕಾಲೇಜು ಮುಗಿಸಿ ಮನೆಯಲ್ಲಿದ್ದವಳಿಗೆ ಮನೆಯವರೆಲ್ಲ ಕೊಟ್ಟಿದ್ದ ಹುದ್ದೆ ಅದು. ಉತ್ತರ ಬಂತು. ಅದನ್ನು ಪಡಸಾಲೆಯಲ್ಲಿ ಓದಿ ಕನ್ನಡದಲ್ಲಿ ಹೇಳಿದೆ: ಮೂರು ದಿನ ಎಣಿಕೆ ಮಾಡಲಾಗಿ ಈ ಗಾಡಿಯಲ್ಲಿ ಪ್ರಯಾಣಿಕರು ಕಂಡುಬಂದಿಲ್ಲ.

"ಕಂಡಿಲ್ಲಂದ್ರ?" ಅಜ್ಜಿ ಸಿಡಿದಳು. "ಪ್ಲಾಟ್‌ಫಾರ್ಮಿನ್ಯಾಗ ಎದುರಿಗೇ ಕೈಮುಗದು ನಿಂತಿದ್ದಿವಲ್ಲ! ನಮ್ಮ ಹೋಳಿಗಿ ಹೆಂಗ ಕಂಡೂವು ಅವ್ರಿಗೆ?"

ಅಂದು ಗಡಹಿಂಗ್ಲಜದಿಂದ ಅಜ್ಜಿಯ ತಮ್ಮ ಬಂದಿದ್ದ. ನಾವು ಅವನನ್ನು ಮಾಮಾ ಎನ್ನುತ್ತಿದ್ದೆವು. ಬಗಲಲ್ಲಿ ಬೆಲ್ಲದ ಪೆಂಟೆ, ಬಾಯಲ್ಲಿ ಎಲ್ಲದಕ್ಕೂ ಒಂದು ತೀರ್ಪು. ಹೊಟ್ಟೆ ಹಿಡಿದು ನಕ್ಕ. "ಅಕ್ಕಾ, ನೀ ಗಾಡಿಗೆ ಆರತಿ ಮಾಡಿ ಕಳಿಸಿದಿ ನೋಡ!"

"ಸುಮ್ಮ ಕುಂಡ್ರು. ನಿಮ್ಮೂರಿಗೆ ಹಳೀನ ಇಲ್ಲ, ನೀ ರೈಲಿನ ಮಾತ ಆಡ್ತೀ."

"ಹಳಿ ಇಲ್ಲಂತನ ನಮ್ಮಲ್ಲಿ ಗಾಡಿ ನಿಂತಿಲ್ಲ!" ಎಂದ ಮಾಮಾ.

ನಾವೂ ನಕ್ಕೆವು. ಅಜ್ಜಿ ಮಾತ್ರ ಎದ್ದು ಒಳಗೆ ಹೋದಳು. ಆ ದಿನ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ.

ಮುಂದಿನ ತಿಂಗಳು ಅತ್ತೆ ಒಮ್ಮೆ ಧೈರ್ಯ ಮಾಡಿ ಬಸ್ಸಿನಲ್ಲಿ ಬಂದಳು. ಕೈಯಲ್ಲಿ ಲಿಂಬೆಹಣ್ಣು, ಬಾಯಿಗೆ ಸೆರಗು. ಇಳಿದವಳು ಪಡಸಾಲೆಯಲ್ಲಿ ಮಲಗಿದಳು, ಹೊರಡುವ ಹೊತ್ತಿನವರೆಗೂ ಏಳಲಿಲ್ಲ. ಅಜ್ಜಿ ಹಸಿ ಬಟ್ಟೆಯಿಂದ ಅವಳ ಮುಖ ಒರೆಸುತ್ತ ಕೂತಿದ್ದಳು. ತಿಂಗಳಿಡೀ ಕೂಡಿಸಿಟ್ಟ ಮಾತೊಂದೂ ಹೊರಗೆ ಬರಲಿಲ್ಲ. "ಇನ್ನ ಬರಬ್ಯಾಡ ತಂಗೀ" ಎಂದಳು ಕೊನೆಗೆ, ಮಗಳನ್ನು ತಂಗಿ ಎಂದೇ ಕರೆಯುವವಳು.

ಆಮೇಲೆ ಕಾಗದ. ಅಜ್ಜಿ ಕನ್ನಡದಲ್ಲಿ ಹೇಳುವಳು, ನಾನು ಮರಾಠಿಯಲ್ಲಿ ಬರೆಯುವೆ. ಅಲ್ಲಿ ನೆರೆಯವರು ಮರಾಠಿಯಲ್ಲಿ ಓದಿದ್ದನ್ನು ಅತ್ತೆ ಮತ್ತೆ ಕನ್ನಡಕ್ಕೆ ತಿರುಗಿಸಿಕೊಂಡು ಅಳುತ್ತಿದ್ದಳಂತೆ. ಅಷ್ಟು ದಾರಿ ಸುತ್ತಿದ ಮೇಲೆ ಯಾವ ಮಾತು ಬಿಸಿಯಾಗಿ ಉಳಿದೀತು?

ವರ್ಷ ತಿರುಗುವಷ್ಟರಲ್ಲಿ ಅಜ್ಜಿ ನನ್ನ ಮುಂದೆ ಕಾಗದ ಇಟ್ಟಳು. "ಬರಿ. ತಪ್ಪು ನಮ್ಮದು ಅಂತ ರೈಲಿನವ್ರಿಗೆ ಬರಿ. ಸಾಹೇಬ್ರಿಗೆ ಜಾಗಾ ಬಿಟ್ಟ ಕೊಟ್ಟಿದ್ದಿವಿ, ಗಾಡಿ ಬಿಟ್ಟ ಕೊಟ್ಟಿಲ್ಲ ಅಂತ ಬರಿ." ಹಾಗೇ ಬರೆದೆ. ಓದಿದವರಿಗೆ ನಗು ಬಂದಿತೋ ಮನಸ್ಸು ಕರಗಿತೋ, ಒಂದು ವಾರ ಗಾಡಿ ಓಡಿಸಿ ಮತ್ತೆ ಎಣಿಸುತ್ತೇವೆ ಎಂದು ಉತ್ತರ ಬಂತು.

ಈ ಸಲ ಉಸ್ತುವಾರಿ ಮಾಮಾನದು. ಹಳಿಯಿಲ್ಲದ ಊರಿನಿಂದ ಒಂದು ಬಸ್ಸು ತುಂಬ ಜನರನ್ನು ಕೊಲ್ಲಾಪುರಕ್ಕೆ ತಂದು ಗಾಡಿಗೆ ತುಂಬಿದ. ರೈಲು ಕಾಣದ ಮುದುಕರು, ಕಂಬಳಿ ಹೊದ್ದ ಕುರಿಗಾರರು, ಇಬ್ಬರು ಬಾಣಂತಿಯರು. ಮೊದಲ ದಿನ ಗಾಡಿ ನಮ್ಮ ಸ್ಟೇಷನ್ನಿಗೆ ಬಂದಾಗ ಅಜ್ಜಿ ಒಂದೊಂದೇ ಮುಖ ನೋಡುತ್ತ ನಿಂತಳು. ಎಲ್ಲರೂ ಇಳಿದರು. ಅತ್ತೆ ಇಳಿಯಲಿಲ್ಲ.

"ಎಲ್ಲಿ ನನ್ನ ಮಗಳು?"

"ಹತ್ತಾಕ ಜಾಗಾನ ಸಿಗಲಿಲ್ಲಕ್ಕ!" ಮಾಮಾ ಹಿಗ್ಗಿನಿಂದ ಹೇಳಿದ. "ಅಷ್ಟ ರಶ್ ಮಾಡೇನಿ! ನಾಳಿ ಬಾ ಅಂತ ಹೇಳಿ ಬಂದೇನಿ."

ಅಜ್ಜಿ ಅವನನ್ನು ನೋಡಿದ ನೋಟಕ್ಕೆ ಎಂಜಿನ್ನೇ ಒಂದು ಸಲ ಉಸಿರು ಬಿಟ್ಟಿತು.

ಮರುದಿನದಿಂದ ಕುರಿಗಾರರನ್ನು ಅವರವರ ಕುರಿಗಳ ಬಳಿಗೆ ಕಳಿಸಲಾಯಿತು. ಮೊದಲಿನ ಹೆಂಗಸರೇ ತಮ್ಮ ತಮ್ಮ ಕೆಲಸಕ್ಕಾಗಿ ಹತ್ತತೊಡಗಿದರು. ಆದರೂ ತಮ್ಮನ ಮೇಲೆ ನಂಬಿಕೆಯಿಲ್ಲದ ಅಜ್ಜಿ ಕೊನೆಯ ದಿನ ನನ್ನನ್ನು ಕರೆದುಕೊಂಡು ಮುಂಜಾನೆಯ ಬಸ್ಸಿಗೆ ತಾನೇ ಕೊಲ್ಲಾಪುರಕ್ಕೆ ಬಂದಳು. ಬೀಗರ ಮನೆಗೆ ಹೋಗದೆ ನೇರ ಸ್ಟೇಷನ್ನಿಗೇ. ಅತ್ತೆ ಬಂದು ಕೂತಳು, ಅವಳ ಪಕ್ಕ ಅಜ್ಜಿ, ಎದುರಿಗೆ ನಾನು. ಡಬ್ಬಿ ಬುಟ್ಟಿ, ಗಂಟು, ಕೂಸುಗಳಿಂದ ತುಂಬಿತು. ತಾಯಿ ಮಗಳು ಆಗಲೇ ಮಾತಿಗೆ ಹತ್ತಿದ್ದರು; ಒಬ್ಬಳು ಹೇಳುವುದು ಮುಗಿಯುವ ಮೊದಲೇ ಇನ್ನೊಬ್ಬಳದು ಶುರು.

ಗಾಡಿ ಅಲುಗುವ ಹೊತ್ತಿಗೆ ಸಾಹೇಬರು ಹತ್ತಿದರು. ಅದೇ ತೆಳ್ಳನೆಯ ಸಾಹೇಬರು, ಅದೇ ವಹಿ. ಅತ್ತ ಇತ್ತ ನೋಡಿದರು. ಕೂರಲು ಎಲ್ಲೂ ಜಾಗವಿಲ್ಲ. ಅಜ್ಜಿಯ ಮಾತು ಅರ್ಧಕ್ಕೇ ನಿಂತಿತು. ಅವಳ ಕೈ ಸೆರಗು ಸರಿಪಡಿಸಿತು, ಕಾಲು ನೆಲ ಊರಿತು, ಸೊಂಟ ಬಾಕಿನಿಂದ ನಾಲ್ಕು ಬೆರಳು ಮೇಲೆದ್ದಿತು. ಎಪ್ಪತ್ತು ವರ್ಷದ ಅಭ್ಯಾಸ. ಡಬ್ಬಿಯ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು; ಅವಳು ಎದ್ದರೆ ಎಲ್ಲರೂ ಏಳುವವರೇ.

ಅತ್ತೆ ಆ ತನಕ ಅವ್ವನಿಗೆ ಎದುರು ಮಾತಾಡಿದವಳಲ್ಲ. ಅಜ್ಜಿಯ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

"ಕುಂಡ್ರಬೇ ಯವ್ವಾ! ಈ ಸಲ ಕುಂಡ್ರು!"

ಅಜ್ಜಿ ಕೂತಳು. ಸಂಕೋಚದಿಂದ ಮುಖ ಕೆಂಪಾಗಿ, ಸಾಹೇಬರತ್ತ ಕಣ್ಣೆತ್ತದೆ ಕೂತಳು. ಸಾಹೇಬರು ಸರಳು ಹಿಡಿದು ನಿಂತೇ ಹೊರಟರು. ಪಂಚಗಂಗೆಯ ಸೇತುವೆ ದಾಟುವಾಗ ಒಂದು ಕೈಯಲ್ಲಿ ವಹಿ ತೆರೆದು, ಓಲಾಡುತ್ತ, ಏನೋ ಬರೆದುಕೊಂಡರು. ನಾನು ಕತ್ತು ಚಾಚಿ ಓದಿದೆ: ಕೂರಲು ಜಾಗವಿಲ್ಲ.

ಗಾಡಿ ಮತ್ತೆ ಶುರುವಾಯಿತು. ಆದರೆ ಆ ದಿನ ಸ್ಟೇಷನ್ ಬಂದು ನಾವು ಇಳಿಯುವಾಗ ಅಜ್ಜಿ ಮಗಳ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು: "ಪಾಪ, ಒಂದು ಹೋಳಿಗೀನರ ಕೊಡಬೇಕಾಗಿತ್ತ ನೋಡ."