ಕೆಳಗಿನ ಕೊಂಬೆಯ ಹುಣಸೆ

ಬುದ್ಧಿ ವಯಸ್ಸಿನ ಜೊತೆಗೇ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೇಳುವವರೆಲ್ಲ ಹಿರಿಯರೇ ಆದ್ದರಿಂದ ಸಾಕ್ಷಿಯನ್ನು ಪೂರ್ತಿ ನಂಬುವಂತಿಲ್ಲ.

ಆಗೆಲ್ಲ ದೇವದುರ್ಗದಲ್ಲಿ ಬೇಸಿಗೆ ಬಂತೆಂದು ಮಕ್ಕಳಿಗೆ ಗೊತ್ತಾಗುತ್ತಿದ್ದುದು ಹಲ್ಲು ಜುಮ್ಮೆಂದಾಗ. ಹುಣಸೆ, ಬೆಲ್ಲ, ಉಪ್ಪು, ಜೀರಿಗೆ ಕುಟ್ಟಿ ಕಡ್ಡಿಗೆ ಚುಚ್ಚಿದ ಚಿಗಳಿ ಚೀಪದ ಬಾಯಿ ನಮ್ಮ ಓಣಿಯಲ್ಲಿರಲಿಲ್ಲ. ಆ ಆಸೆಗೇ ಮೂರನೇ ತರಗತಿಯ ನಾನು ಹಿತ್ತಲಿನ ಹುಣಸೆಮರ ಹತ್ತಿದೆ. ಹತ್ತುವ ಬುದ್ಧಿ ಬಂದಿತ್ತು, ಇಳಿಯುವ ಬುದ್ಧಿ ಇನ್ನೂ ಬಂದಿರಲಿಲ್ಲ. ಮಾಳಿಗೆಗಿಂತ ಎತ್ತರದಿಂದ ಒಮ್ಮೆ ಕೆಳಗೆ ನೋಡಿದವಳೇ ಕೊಂಬೆ ತಬ್ಬಿಕೊಂಡು ಅಳತೊಡಗಿದೆ.

ಊರಿನ ಬುದ್ಧಿಯೆಲ್ಲ ಮರದ ಕೆಳಗೆ ಸೇರಿತು. "ಮೊದಲು ಎಡಗಾಲು ಇಡು" ಎಂದರು ಮಾಸ್ತರರು; ಎಡ ಯಾವುದೆಂಬುದೇ ನನಗೆ ಮರೆತಿತ್ತು. "ಜಿಗಿ ತಂಗಿ, ಹಿಡೀತೀವಿ" ಎಂದು ಅಕ್ಕಿಗಿರಣಿಯ ಸಾವುಕಾರರು ಚಾದರ ಹಿಡಿಸಿದರು. ಅದರ ತೂತಿನಿಂದ ಅವರ ಚಪ್ಪಲಿ ಕಾಣುತ್ತಿತ್ತು. "ಇಳಿ, ಕಾಲು ಮುರೀತೀನಿ!" ಎಂದ ಕಾಕಾ. ಇಳಿಯಲು ಉಳಿದಿದ್ದ ಅಲ್ಪ ಉತ್ಸಾಹವೂ ಹೋಯಿತು.

ಆಗ ಬಂದವಳು ಅಜ್ಜಿ. ಉಡಿಯಲ್ಲಿ ಶೇಂಗಾ, ಕೈಯಲ್ಲಿ ಬರಿಬುಟ್ಟಿ.

"ನಿಮ್ಮ ನಿಮ್ಮ ಮನಿಗೆ ಹೋಗ್ರಿ. ಇಲ್ಲೇನು ನಾಟಕ ನಡದದ?"

"ಹುಡುಗಿ ಬಿದ್ದರ ಹ್ಯಾಂಗಬೇ ಯವ್ವಾ?" ಎಂದ ಕಾಕಾ.

"ನೀವು ಹಿಂಗ ಒದರಿದ್ರ ಬೀಳ್ತಾಳ. ನಡೀರಿ."

ಎಲ್ಲರೂ ಹೋದರು. ಅಜ್ಜಿ ಮರಕ್ಕೆ ಬೆನ್ನು ಮಾಡಿ ಕೂತು ಶೇಂಗಾ ಸುಲಿಯತೊಡಗಿದಳು. ಟಪ್, ಟಪ್. ಕೇಳುವವರಿಲ್ಲದೆ ನನ್ನ ಅಳುವೂ ನಿಂತಿತು.

"ಚಿಗಳಿ ಮಾಡ್ತೀನಬೇ. ಕೈಗೆ ಸಿಕ್ಕಿದ್ದು ಹರಿದು ಒಗಿ."

ಒಂದು ಕೈ ಬಿಟ್ಟು ಕಾಯಿ ಹರಿದು ಒಗೆದೆ. ಅದು ಆಕೆಯ ಪಕ್ಕಕ್ಕೇ ಬಿತ್ತು.

"ಇದು ಬರೇ ಬೀಜ. ಕೆಳಗಿನ ಕೊಂಬ್ಯಾಗಿನವು ಚಲೋ ಇರ್ತಾವ."

ಕೆಳಗಿನ ಕೊಂಬೆಗೆ ಬಂದೆ. ಅಲ್ಲಿನದೂ ಆಕೆಗೆ ಸೇರಲಿಲ್ಲ.

"ಹುಳ ಹಿಡದದ. ಇನ್ನಾ ಕೆಳಗ ನೋಡು."

ಹೀಗೆ ಹುಣಸೆಯ ಮೇಲೆ ದೋಷ ಹೊರಿಸುತ್ತ, ಒಮ್ಮೆಯೂ ತಿರುಗಿ ನೋಡದೆ, ಇಳಿ ಎಂಬ ಮಾತೇ ಎತ್ತದೆ ಆಕೆ ನನ್ನನ್ನು ನೆಲಕ್ಕೆ ತಂದಳು.

ಎಂಥ ಕಲ್ಲು ಗುಂಡಿಗೆ ಈಕೆಯದು ಎಂದುಕೊಳ್ಳುತ್ತ ಎದುರಿಗೆ ಹೋಗಿ ನಿಂತೆ. ಬುಟ್ಟಿಯ ತುಂಬ ಸಿಪ್ಪೆ. ಸುಲಿದ ಕಾಳೆಲ್ಲ ಮಣ್ಣಿನಲ್ಲಿ.

"ಅಜ್ಜೀ, ಕಾಳು..."

"ಬಾಯಿ ಮುಚ್ಚಿ ಆರಿಸು."

ಹಾಗೆಂದವಳೇ ಇನ್ನೊಂದು ಶೇಂಗಾ ಸುಲಿದು ಸಿಪ್ಪೆಯನ್ನು ಬುಟ್ಟಿಗೂ ಕಾಳನ್ನು ಮಣ್ಣಿಗೂ ಹಾಕಿದಳು. ಗರ್ಭಗುಡಿಯ ಮುಂದೆಯೂ ನಾನು ಹಾಗೆ ಬೆರಗಾಗಿ ನಿಂತವಳಲ್ಲ. ಅಷ್ಟು ಹೆದರಿಕೆಯನ್ನು ಒಂದು ಬಡಕಲು ಬೆನ್ನಿನ ಮರೆಯಲ್ಲಿಟ್ಟುಕೊಂಡು ಹುಣಸೆಯ ಮಾತಾಡಬಹುದೆಂದು ಯಾವ ಮಾಸ್ತರರೂ ಹೇಳಿಕೊಟ್ಟಿರಲಿಲ್ಲ.

ಈಗ ಅಜ್ಜಿ ಇಲ್ಲ, ಆ ಮರವೂ ಇಲ್ಲ. ರಾಯಚೂರಿನ ನಮ್ಮ ಮನೆಯಲ್ಲಿ ಸಲಹೆಗೆ ಬರವಿಲ್ಲ. ಮಗಳು ಕುರ್ಚಿ ಹತ್ತಿದರೂ "ಎಡಗಾಲು, ಎಡಗಾಲು" ಎಂದು ಮೊದಲು ಒದರುವವಳು ನಾನೇ. ಬೆನ್ನು ತಿರುಗಿಸಿ ಕೂರುವುದು ನನಗಿನ್ನೂ ಬಂದಿಲ್ಲ.

ಅಂದು ಸಂಜೆ ಚಿಗಳಿ ಆಯಿತು. ಮರುದಿನ ನಾನು ಅದೇ ಮರ ಹತ್ತಿ, ಇಳಿದು ಬಂದೆ.