ಖಾಲಿ ಚಾಪೆಗೂ ಪ್ರಶ್ನೆ ಕೇಳುವ ನಾಜ್ನೀನ್ ಮೇಡಂ

ನಾಜ್ನೀನ್ ಮೇಡಂ ಚಾಮರಾಜನಗರದ ಕಾಲೇಜಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ಸುಮ್ಮನೆ ಕೂರುವವರಲ್ಲ, ತಮ್ಮನ ಮದುವೆಯಲ್ಲೂ ಬಿರಿಯಾನಿ ಮಾಡುವವನನ್ನು ಹಿಡಿದು ನಿಮ್ಮನೆಯಲ್ಲಿ ಯಾರ ಮಾತು ನಡೆಯುತ್ತೆ ಅಂತ ಕೇಳಿ, ಅಮ್ಮ ಮೈಮುನಾ ಪೆನ್ನನ್ನೇ ಬಚ್ಚಿಡುವ ಹಾಗೆ ಮಾಡಿದವರು. ಊರನ್ನು ಯಾವುದು ಒಟ್ಟಿಗೆ ಹಿಡಿದಿದೆ ಅಂತ ಕೆಲವು ಪಂಡಿತರು ನೋಡುತ್ತಾರೆ, ಯಾರು ಯಾರನ್ನು ತುಳಿಯುತ್ತಾರೆ ಅಂತ ಇನ್ನು ಕೆಲವರು. ಮೇಡಂ ಮೂರನೇ ಪಂಗಡ, ಜನ ಯಾವುದನ್ನು ನಿಜ ಅಂತ ನಂಬಿ ಬದುಕುತ್ತಾರೋ ಅದೇ ಮೇಡಂಗೂ ನಿಜ. ಹತ್ತಿರದ ಹರವೆ ಹಳ್ಳಿಗೆ ಸರ್ವೆಗೆ ಹೋದಾಗ, ಮನೆಯಲ್ಲಿ ಎಷ್ಟು ಜನ ಅಂದರೆ ಪುಟ್ಟಸಿದ್ದಮ್ಮಜ್ಜಿ "ನಾಕು" ಅಂದು ಗಂಡ ಬೋರಯ್ಯನ ಹೆಸರನ್ನೂ ಬರೆಸಿದಳು. "ಮೂರೇ ಕಣ್ ಮಿಸ್, ಮಾವ ತೀರ್ಕೊಂಡು ಆರ್ ವರ್ಸ ಆಯ್ತು, ಆ ಎಸ್ರು ಒಡ್ದಾಕಿ" ಅಂತ ಸೊಸೆ ಮೇಘನಾ ನಕ್ಕಳು. ಇವತ್ತಿಗೂ ಗಂಡನಿಗೆ ಚಾಪೆ ಹಾಸಿ ತಟ್ಟೆ ಇಡುವ ಅಜ್ಜಿ ಮೇಡಂ ಪೆನ್ನನ್ನು ಹಿಡಿದುಕೊಂಡಳು. "ಒಡ್ದಾಕ್ಬ್ಯಾಡ ಕಣವ್ವ, ಇನ್ನೊಂದ್ಸಲ ಸತ್ತೋಯ್ತಾರೆ." ಮೇಡಂ ಹೊಡೆದುಹಾಕಲಿಲ್ಲ. ಖಾಲಿ ಚಾಪೆಯ ಕಡೆ ತಿರುಗಿ, "ಬೋರಯ್ಯನೋರೇ, ಈ ಮನೇಲಿ ನಿಮ್ಮ ಮಾತು ನಡಿಯುತ್ತಾ?" ಅಂತ ಕೇಳಿ, ಒಬ್ಬ ಮುದುಕ ಉತ್ತರ ಹೇಳುವಷ್ಟು ಹೊತ್ತು ಕಾದು, ತಲೆಯಾಡಿಸಿ ಬರೆದುಕೊಂಡರು. ಬರೆದದ್ದನ್ನು ಬಗ್ಗಿ ಓದಿದ ಮೇಘನಾಳ ನಗು ಅಲ್ಲೇ ನಿಂತಿತು. "ಎಲ್ಲಿ ನಡೀತದೆ, ನನ್ ತಟ್ಟೆ ಮುದ್ದೆನ ಸೊಸೆ ದಿನಾ ನಾಯಿಗೆ ಆಕ್ಬುಡ್ತಾಳೆ" ಅಂತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ನೋಡಿಯೂ ಇರಲಿಲ್ಲ. ಮೇಡಂ ಇನ್ನೂ ಆ ಕಡೆಯೇ ಬೀದಿ ಬೀದಿ ಸುತ್ತುತ್ತಿದ್ದಾರೆ, ಒಂದು ಸಲ ಹೋಗಿ ಭೇಟಿಯಾಗಿ. ನಿಮ್ಮನೆಯಲ್ಲಿ ಎಷ್ಟು ಜನ ಅಂದಾಗ ಮಾತ್ರ ಯಾರನ್ನೂ ಬಿಡದೆ ಎಣಿಸಿ.